ಹೊಗೆಸೊಪ್ಪು ಉಜ್ಜಿದ ಗಾಜು

ಮೊನ್ನೆ ಡಿಸೆಂಬರಿನ ಒಂದು ಬೆಳಿಗ್ಗೆ ನನ್ನ ತಂಗಿಯ ಮೊಮ್ಮಗಳು ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಉರ್ವ ಮಾರ್ಕೆಟ್ಟಿಗೆ ಹೊರಟಳು. ಗೇಟು ದಾಟುವುದರೊಳಗೆ ಎದುರಿನ ಗಾಜು ಮಬ್ಬಾಯಿತು. ಅವಳು ಎಂತದೋ ಗುಂಡಿ ಒತ್ತಿದಳು. ಉಸ್ಸೆಂದು ಗಾಳಿ ಬಂತು, ಗಾಜು ಕೆಳಗಿನಿಂದ ಮೇಲಕ್ಕೆ ತಿಳಿಯಾಗುತ್ತಾ ಹೋಯಿತು.

“ಈಗ ಹೋದದ್ದು ಒಳಗಿನ ಮಂಜಾ, ಹೊರಗಿನದ್ದಾ?” ಎಂದು ಕೇಳಿದೆ.

“ಹೋಯ್ತಲ್ಲ ಅಜ್ಜಿ, ಸಾಕಲ್ವಾ?”

“ಸಾಕಾಗೂದಿಲ್ಲ. ಯಾವುದು ಹೋಯ್ತು ಅಂತ ಗೊತ್ತಾಗ್ಬೇಕು. ಅಗೊ, ಎಡಬದಿಯಲ್ಲಿ ಸೈಕಲ್ ಉಂಟು. ಆ ನಾಯಿ ಅಡ್ಡ ಬರ್ತದೆ ನೋಡು.”

“ಅಜ್ಜೀ, ನಂಗೆ ಕಾಣ್ತದೆ!”

ಅವಳ ಸಿಟ್ಟು ಸುಳ್ಳಲ್ಲ. ನಾನು ಯಾರ ಕಾರಿನಲ್ಲಿ ಎದುರು ಕೂತರೂ ಹೀಗೆಯೇ. ಮನೆಯಲ್ಲಿ ನನ್ನನ್ನು ಹಿಂದಿನ ಸೀಟಿಗೆ ಹಾಕಲು ಎಲ್ಲರೂ ಹೊಂಚು ಹಾಕುತ್ತಾರೆ. ನಾನು ಬಗ್ಗುವುದಿಲ್ಲ.

ಮಾರ್ಕೆಟ್ಟಿನ ಬದಿಯ ಓಣಿಯಲ್ಲಿ ಕಾರಿನಿಂದ ಇಳಿಯುವಾಗ ಒಬ್ಬ ಹೆಂಗಸು ಕಟ್ಟಿದ ಬೀಡಿಗಳನ್ನು ಗೆರಸೆಯಲ್ಲಿಟ್ಟು, ಮೇಲೆ ಒಂದು ಬಟ್ಟೆ ಮುಚ್ಚಿಕೊಂಡು ಪಕ್ಕದಲ್ಲೇ ಹಾದು ಹೋದಳು. ಆ ವಾಸನೆ ನನ್ನ ಮೂಗಿಗೆ ಬಂತು. ಒಣ ಹೊಗೆಸೊಪ್ಪಿನ ವಾಸನೆ ಅಲ್ಲ, ಬೆಳಗಿನ ಇಬ್ಬನಿಗೆ ತುಸು ತೇವಗೊಂಡ ಹೊಗೆಸೊಪ್ಪಿನದ್ದು. ಅಷ್ಟೇ ಸಾಕಾಯಿತು. ತರಕಾರಿಯ ಚೀಲ ಕೈಯಲ್ಲಿ ಹಿಡಿದುಕೊಂಡೇ ನಾನು ಸಂಜೀವ ಮಾವನ ಹಳೆ ಅಂಬಾಸಡರಿನ ಎಡಗಡೆಯ ಸೀಟಿನಲ್ಲಿ ಹೋಗಿ ಕೂತುಬಿಟ್ಟಿದ್ದೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಬಿ.ಎಸ್ಸಿ., ಬಿ.ಎಡ್. ಮುಗಿಸಿದ್ದ ನನಗೆ ಬಲ್ಮಠದ ಕಡೆ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಟೀಚರ್ ಕೆಲಸ ಸಿಕ್ಕಿತು. ಉಳಿದುಕೊಳ್ಳಲು ಉರ್ವದಲ್ಲಿ ಅಮ್ಮನ ಅಣ್ಣ ಸಂಜೀವ ಮಾವನ ಮನೆ ಇತ್ತು. ಅಳಿಯಕಟ್ಟಿನ ಕುಟುಂಬ ನಮ್ಮದು. ಅಪ್ಪನ ಮಾತಿಗಾದರೂ ಎದುರಾಡಬಹುದು, ಸೋದರಮಾವನ ಮಾತಿಗೆ ಆಗುತ್ತಿರಲಿಲ್ಲ. ಮಾವನಿಗೆ ಬಲ್ಮಠದಲ್ಲಿ ಒಂದು ಊಟದ ಹೋಟೆಲಿತ್ತು. ಮೀನಿನ ಊಟಕ್ಕೆ ಹೆಸರಾದ ಹೋಟೆಲು. ಆ ಮೀನನ್ನು ಮಾವ ಬೇರೆ ಯಾರಿಂದಲೂ ತರಿಸುತ್ತಿರಲಿಲ್ಲ. ಬೆಳಕು ಹರಿಯುವ ಮೊದಲೇ ತಾವೇ ಕಾರು ತೆಗೆದುಕೊಂಡು ಬಂದರಿನಲ್ಲಿ ದೋಣಿಗಳು ತಾಗುವ ದಕ್ಕೆಗೆ ಹೋಗಿ, ಮೀನನ್ನು ಕೈಯಲ್ಲಿ ಒತ್ತಿ ನೋಡಿ ತರುತ್ತಿದ್ದರು.

ನಾನು ಹೋದ ವಾರದಲ್ಲೇ ಮಾವ ಅಪ್ಪಣೆ ಕೊಟ್ಟರು. “ನಾಳೆಯಿಂದ ನೀನು ನನ್ನ ಒಟ್ಟಿಗೆ ಬಾ. ಎದುರು ಕೂತ್ಕೊ.”

“ಶಾಲೆ ಒಂಬತ್ತೂವರೆಗೆ ಅಲ್ವಾ ಮಾವ? ಸಿಟಿ ಬಸ್ಸು ಬೇಕಾದಷ್ಟು ಉಂಟು.”

“ಬಸ್ಸಿನಲ್ಲಿ ನೇತಾಡ್ಲಿಕ್ಕೆ ನಿನ್ನನ್ನು ಇಲ್ಲಿ ಕರೆಸಿದ್ದಾ? ಹೋಟೆಲಿನಲ್ಲಿ ಬಿಸಿ ಬನ್ಸ್ ತಿಂದು ಆರಾಮ ಕೂತ್ಕೊ. ಮತ್ತೆ ಶಾಲೆಗೆ ಹೋಗು.”

ನಾವು ಆಡುತ್ತಿದ್ದದ್ದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಆದರೆ ಮಾವನ ದನಿಯ ಗತ್ತು ನನ್ನ ಕಿವಿಯಲ್ಲಿ ತುಳುವಿನಲ್ಲೇ ಇದೆ. ಎಷ್ಟು ಪ್ರೀತಿ ಮಾವನಿಗೆ ನನ್ನ ಮೇಲೆ ಎಂದು ನಾನು ಉಬ್ಬಿಹೋದೆ.

ಮಂಗಳೂರಿಗೂ ಚಳಿಗಾಲ ಎಂಬುದು ಒಂದು ಉಂಟಾ ಎಂದು ಘಟ್ಟದ ಮೇಲಿನವರು ನಗುತ್ತಾರೆ. ನಗಲಿ. ನಮ್ಮಲ್ಲಿ ಚಳಿ ಕಡಿಮೆ, ಚಳಿಯ ಹೆದರಿಕೆ ಜಾಸ್ತಿ. ದೀಪಾವಳಿ ಕಳೆದ ಮೇಲೆ ಬೆಳಗಿನ ಜಾವ ತೆಂಗಿನ ಗರಿಗಳಿಂದ ಇಬ್ಬನಿ ಟಪಟಪ ಬೀಳತೊಡಗಿದರೆ ಗಿರಿಜತ್ತೆ, ಎಂದರೆ ಮಾವನ ಹೆಂಡತಿ, ಯುದ್ಧಕ್ಕೆ ಸಿದ್ಧರಾಗುತ್ತಿದ್ದರು. ತಲೆಗೆ ಮಂಜು ಬಿದ್ದರೆ ಶೀತ, ಶೀತ ಕೂತರೆ ಕೆಮ್ಮು, ಕೆಮ್ಮು ಇಳಿದರೆ ಎದೆ. ಅದಕ್ಕೆ ಅವರ ಪ್ರಕಾರ ಒಂದೇ ಮದ್ದು, ಮುಚ್ಚುವುದು. ಮಾವನಿಗೆ ಮಂಕಿ ಕ್ಯಾಪ್, ನನಗೆ ಮಫ್ಲರ್. ಕಾರಿನ ಗಾಜುಗಳೆಲ್ಲ ಮೇಲಕ್ಕೆ. ಹಳೆ ಕಾರಾದ್ದರಿಂದ ಬಾಗಿಲುಗಳಲ್ಲಿ ಸಂದು ಇತ್ತು. ಅದಕ್ಕೆ ಅತ್ತೆ ಮಾವ ಹೆಗಲಿಗೆ ಹಾಕುವ ಹಳೆ ಬೈರಾಸನ್ನು ಹರಿದು ತುರುಕಿದ್ದರು. ಒಳಗೆ ನಾವು ಪತ್ರೊಡೆಯ ಹಾಗೆ ಬೇಯುತ್ತಿದ್ದೆವು.

ನಾವು ಎಂದರೆ ಮೂವರು. ಹಿಂದಿನ ಸೀಟಿನಲ್ಲಿ ಪಕ್ಕದ ಮನೆಯ ಸೆವ್ರಿನ್ ಬಾಯಿ ಇರುತ್ತಿದ್ದರು. ಬಲ್ಮಠದ ಹತ್ತಿರದ ಆಸ್ಪತ್ರೆಯೊಂದರಲ್ಲಿ ನರ್ಸು. ಬೆಳಗಿನ ಪಾಳಿ ಇದ್ದ ವಾರ ನಮ್ಮ ಕಾರಿನಲ್ಲೇ ಬರುತ್ತಿದ್ದರು. ಗೇಟಿನಲ್ಲಿ ಹತ್ತಿದವರೇ ಜಪಮಾಲೆ ತೆಗೆದು ಕಣ್ಣು ಮುಚ್ಚಿದರೆ ಆಸ್ಪತ್ರೆಯ ಬಾಗಿಲಲ್ಲೇ ತೆರೆಯುವುದು.

“ಎಷ್ಟು ಭಕ್ತಿ ನಿಮಗೆ ಬಾಯಿ!” ಎಂದೆ ಒಂದು ದಿನ.

“ಭಕ್ತಿ ಅಲ್ಲ ಟೀಚರ್. ಶೆಟ್ರು ಕಾರು ಬಿಡೂದು ನೋಡ್ಲಿಕ್ಕೆ ನಂಗೆ ಧೈರ್ಯ ಇಲ್ಲ.”

ಮಾವ ಗಹಗಹಿಸಿ ನಕ್ಕರು. ನಿಜ ಹೇಳಬೇಕೆಂದರೆ ಮಾವ ಬಹಳ ನಿಧಾನಕ್ಕೆ ಕಾರು ಓಡಿಸುತ್ತಿದ್ದರು. ಚಳಿಗಾಲದಲ್ಲಿ ಕಾರು ಬಿಡುವುದೇ ಬೇರೆ ವಿದ್ಯೆ ಎಂದು ದಾರಿಯುದ್ದಕ್ಕೂ ನನಗೆ ಪಾಠ. ಮಂಜಿನಲ್ಲಿ ದೊಡ್ಡ ಲೈಟು ಹಾಕಬಾರದು, ಬೆಳಕು ಮಂಜಿಗೇ ಬಡಿದು ನಮ್ಮ ಕಣ್ಣಿಗೆ ವಾಪಸ್ಸು ಬರುತ್ತದೆ. ಎದುರು ಬರುವ ಬಸ್ಸಿನ ದೀಪ ನೋಡಬಾರದು, ರಸ್ತೆಯ ಎಡಗಡೆಯ ಅಂಚು ನೋಡಬೇಕು. ಮೀನಿನ ಲಾರಿಯ ಹಿಂದೆ ಮಾತ್ರ ಹೋಗಲೇಬಾರದು. ಆಗ ಮೀನಿನ ಸುಗ್ಗಿ. ಲಾರಿಗಳಿಂದ ಮೀನಿನ ನೀರು ಸೋರಿ ಸೋರಿ ಡಾಮರಿನ ಮೇಲೆ ಎಣ್ಣೆಯ ಪಸೆ ಕೂತಿರುತ್ತಿತ್ತು. ಮಳೆಗಾಲದಲ್ಲಿ ಅದು ತೊಳೆದುಹೋಗುತ್ತದೆ, ಚಳಿಗಾಲದಲ್ಲಿ ಇಬ್ಬನಿ ಅದನ್ನು ತೊಳೆಯುವಷ್ಟು ಬೀಳುವುದಿಲ್ಲ, ಜಾರಿಸುವಷ್ಟು ಮಾತ್ರ ಬೀಳುತ್ತದೆ. ಕುದ್ರೋಳಿಯ ಹತ್ತಿರ ಸ್ಕೂಟರುಗಳು ಮಗುಚಿ ಬಿದ್ದದ್ದನ್ನು ನಾನೇ ನೋಡಿದ್ದೇನೆ. “ಅಲ್ಲಿ ಬ್ರೇಕ್ ಮುಟ್ಟಬಾರದು. ಗೇರು ಇಳಿಸ್ಬೇಕು, ಅಷ್ಟೆ,” ಎನ್ನುತ್ತಿದ್ದರು ಮಾವ. ಮತ್ತೊಂದು ಪಾಠವೂ ಇತ್ತು. ಎದುರು ಕೂತವರು ನಿದ್ದೆ ಮಾಡಬಾರದು, ಮಾತಾಡುತ್ತಾ ಇರಬೇಕು.

ಆ ಒಂದು ಪಾಠದಲ್ಲಿ ನನಗೆ ನೂರಕ್ಕೆ ನೂರು. ನನ್ನ ಬಾಯಿ ಹುಟ್ಟಿನಿಂದಲೇ ಹಾಗೆ. ಕಂಡದ್ದನ್ನೆಲ್ಲ ಹೇಳಬೇಕು, ಹೇಳಿದ್ದರ ಮೇಲೆ ಒಂದು ಪ್ರಶ್ನೆ ಕೇಳಬೇಕು. ಅಗೊ ಹಾಲಿನ ವ್ಯಾನು ನಿಂತಿದೆ, ಅದಕ್ಕೆ ಹಿಂದಿನ ಒಂದೇ ದೀಪ ಉರಿಯುತ್ತಿದೆ ಯಾಕೆ? ಅಗೊ ದನ ಮಲಗಿದೆ, ದನಗಳು ರಸ್ತೆಯಲ್ಲೇ ಮಲಗುವುದು ಡಾಮರಿನ ಬಿಸಿಗಾ? ಆ ಬಿಳಿ ಮುಂಡಿನವರು ರಸ್ತೆ ದಾಟುತ್ತಿದ್ದಾರೆ, ಇಷ್ಟು ಬೆಳಿಗ್ಗೆ ಎಲ್ಲಿಗೆ? ಅಮ್ಮನ ಮನೆಯಲ್ಲಿ “ಸ್ವಲ್ಪ ಬಾಯಿ ಮುಚ್ತೀಯಾ?” ಎಂದು ಬೈಸಿಕೊಂಡವಳಿಗೆ ಇಲ್ಲಿ “ಮತ್ತೆ? ಮತ್ತೆ ಎಂತ ಉಂಟು?” ಎಂದು ಕೇಳುವ ಮಾವ ಸಿಕ್ಕಿದ್ದರು.

ಗಾಜಿನ ವಿಚಾರ ನನ್ನ ತಲೆಗೆ ಹೊಕ್ಕಿದ್ದು ಆಗಲೇ. ಕಾರು ಹೊರಟು ಮಣ್ಣಗುಡ್ಡೆ ಮುಟ್ಟುವುದರೊಳಗೆ ಎದುರಿನ ಗಾಜು ಹಾಲು ಚೆಲ್ಲಿದಂತಾಗುತ್ತಿತ್ತು. ಮಾವ ಕಾರು ನಿಲ್ಲಿಸಿ, ಸೀಟಿನ ಕೆಳಗಿನಿಂದ ಒಂದು ತಗಡಿನ ಡಬ್ಬಿ ತೆಗೆಯುತ್ತಿದ್ದರು. ಅದರಲ್ಲಿ ಬೀಡಿಯ ಹೊಗೆಸೊಪ್ಪಿನ ಪುಡಿ. ಬೀಡಿ ಕಟ್ಟುವ ಮನೆ ನಮ್ಮ ಓಣಿಯಲ್ಲಿ ಎಷ್ಟೋ ಇದ್ದವು, ಪುಡಿಗೆ ಬರವಿಲ್ಲ. ಅದನ್ನು ಒದ್ದೆ ಬಟ್ಟೆಗೆ ಹಾಕಿ ಹೊರಗಿನಿಂದ ಗಾಜಿಗೆ ಉಜ್ಜುವುದು. ಆ ಕಾಲದ ಡ್ರೈವರುಗಳೆಲ್ಲ ಮಳೆಗಾಲದಲ್ಲಿ ಹೀಗೆ ಮಾಡುತ್ತಿದ್ದರು. ಹೊಗೆಸೊಪ್ಪು ಉಜ್ಜಿದ ಗಾಜಿನ ಮೇಲೆ ನೀರು ಹನಿಹನಿಯಾಗಿ ನಿಲ್ಲುವುದಿಲ್ಲ, ತೆಳ್ಳಗೆ ಹರಡಿಕೊಳ್ಳುತ್ತದೆ, ರಸ್ತೆ ಕಾಣುತ್ತದೆ. ಆದರೆ ನಮ್ಮ ಗಾಜು ಉಜ್ಜಿದ ಮೇಲೂ ಮಬ್ಬು. ಮಾವ ಮತ್ತೆ ಇಳಿಯುವುದು, ಮತ್ತೆ ಉಜ್ಜುವುದು.

ಒಂದು ದಿನ ನಾನು ಸುಮ್ಮನೆ ಬೆರಳಿನಿಂದ ಗಾಜಿನ ಮೇಲೆ ಒಳಗಿನಿಂದ ಒಂದು ಗೆರೆ ಎಳೆದೆ. ಗೆರೆ ಎಳೆದಲ್ಲಿ ರಸ್ತೆ ಲಕ್ಷಣವಾಗಿ ಕಂಡಿತು!

“ಮಾವ, ಮಂಜು ಇರೂದು ಒಳಗೆ! ನೀವು ಉಜ್ಜುವುದು ಹೊರಗೆ!”

“ಒಳಗೆ ಮಂಜು ಬರ್ಲಿಕ್ಕೆ ದಾರಿ ಎಲ್ಲಿ ಉಂಟು? ನಿನ್ನ ಅತ್ತೆ ಎಲ್ಲ ಮುಚ್ಚಿಟ್ಟಿದ್ದಾಳಲ್ಲ.”

“ಮುಚ್ಚಿದ್ದಕ್ಕೇ ಬರೂದು. ಅದು ನಮ್ಮ ಉಸಿರು!”

ಆ ದಿನ ಶಾಲೆಯಲ್ಲಿ ನಾನು ಪಾಠ ಬಿಟ್ಟು ಇದನ್ನೇ ಹಿಡಿದೆ. ಹುಡುಗಿಯರಿಗೆಲ್ಲ ಕನ್ನಡಿಯ ಮೇಲೆ ಹಾ ಎಂದು ಊದಿಸಿದೆ. ಕಾರಿನ ಕತೆ ಹೇಳಿ ಗಾಜು ಯಾಕೆ ಮಬ್ಬಾಗುತ್ತದೆ ಎಂದು ಕೇಳಿದರೆ ಮುಂದಿನ ಬೆಂಚಿನವಳೊಬ್ಬಳು, “ನೀವು ಜಾಸ್ತಿ ಮಾತಾಡ್ತೀರಲ್ಲ ಟೀಚರ್, ಅದಕ್ಕೆ,” ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಉತ್ತರ ಸರಿಯಾಗಿಯೇ ಇತ್ತಲ್ಲ!

ರಾತ್ರಿ ಮನೆಯಲ್ಲಿ ದೊಡ್ಡ ಪಂಚಾಯ್ತಿಕೆ ಆಯಿತು. ಕಾರಿನ ಗಾಜು ಇಳಿಸಬೇಕೆಂದು ನಾನು, ಇಳಿಸಿದರೆ ತಲೆಗೆ ಮಂಜು ಬೀಳುತ್ತದೆಂದು ಅತ್ತೆ.

“ನಮ್ಮ ಬಾಯಿಂದ ಮಂಜು ಬರೂದಾ? ನೀನು ಬಿಯೆಸ್ಸಿ ಕಲಿತದ್ದು ಇದನ್ನಾ ಮಾರಾಯ್ತಿ?” ಎಂದರು ಅತ್ತೆ.

ಮಾವ ಕುರ್ಚಿಯಲ್ಲಿ ಕೂತು ಕೇಳುತ್ತಿದ್ದವರು, “ಹಾಗಾದ್ರೆ ಬಾಯಿ ಮುಚ್ಚಿ ಕೂತ್ರೆ ಗಾಜು ಸರಿ ಇರ್ತದಾ?” ಎಂದರು.

“ಸ್ವಲ್ಪ ಕಮ್ಮಿ ಆಗ್ತದೆ ಮಾವ.”

“ಬೇಡ, ಬೇಡ. ನೀನು ಮಾತಾಡು. ಮಂಜು ಬರ್ಲಿ.”

ಕೊನೆಗೆ ಒಪ್ಪಂದ ಆಯಿತು. ಮುಂದಿನ ಬಾಗಿಲುಗಳ ಮೂಲೆಯ ತ್ರಿಕೋನ ಗಾಜನ್ನು ಮಾತ್ರ ಎರಡು ಬೆರಳಿನಷ್ಟು ತೆರೆಯಬಹುದು. ಬದಲಿಗೆ ನಾನು ಮಫ್ಲರನ್ನು ಕಿವಿ, ಗಂಟಲು, ಹಣೆ ಎಲ್ಲ ಮುಚ್ಚುವಂತೆ ಸುತ್ತಿಕೊಳ್ಳಬೇಕು. ಮರುದಿನ ಬೆಳಿಗ್ಗೆ ಗಾಳಿ ಸುಯ್ಯೆಂದು ಒಳಗೆ ಬಂತು. ಗಾಜು ಬಂದರಿನವರೆಗೂ ತೊಳೆದಿಟ್ಟ ಹಾಗಿತ್ತು. ಸೆವ್ರಿನ್ ಬಾಯಿ ಕೂಡ ಒಮ್ಮೆ ಕಣ್ಣು ಬಿಟ್ಟು, “ಜೆಜು! ರಸ್ತೆ ಇಷ್ಟು ಅಗಲ ಉಂಟಾ?” ಎಂದರು. ನಾನು ಮಾವನ ಮುಖ ನೋಡಿದೆ, ಶಾಭಾಸ್ ಬರುತ್ತದೆಂದು.

ಮಾವ ಕಾರು ನಿಲ್ಲಿಸಿ, ಸೀಟಿನ ಕೆಳಗಿನಿಂದ ಡಬ್ಬಿ ತೆಗೆದು, ಇಳಿದು ಹೋಗಿ ಗಾಜಿಗೆ ಹೊಗೆಸೊಪ್ಪು ಉಜ್ಜತೊಡಗಿದರು.

ನನಗೆ ಅವಮಾನವಾಯಿತು. ನನ್ನ ವಿಜ್ಞಾನದ ಮೇಲೆ ನಂಬಿಕೆ ಇಲ್ಲವೆಂದರೆ ಇಲ್ಲ ಅನ್ನಲಿ, ಕಣ್ಣೆದುರು ತಿಳಿಯಾಗಿರುವ ಗಾಜನ್ನು ಉಜ್ಜುವುದೆಂದರೇನು? ಆದರೆ ನನ್ನ ಸಿಟ್ಟು ಹೆಚ್ಚು ಹೊತ್ತು ನಿಲ್ಲುವ ಜಾತಿಯದ್ದಲ್ಲ. ಬೇಗನೆ ಅದು ಕುತೂಹಲವಾಗಿಬಿಡುತ್ತದೆ. ಡ್ರೈವರನ ಕಡೆಯಿಂದ ನೋಡಿದರೆ ಗಾಜು ಬೇರೆ ಥರ ಕಾಣುತ್ತದೆಯೋ ಏನೋ? ಹೊಳೆಯ ಗಾಳಿ ಬಲಗಡೆಗೆ ಜಾಸ್ತಿ ಬಡಿಯುತ್ತದೆಯೋ? ಮಾವ ದಕ್ಕೆಯಲ್ಲಿ ಮೀನು ಆರಿಸುತ್ತಿದ್ದಾಗ ನಾನು ಸರಿದು ಸ್ಟೇರಿಂಗಿನ ಎದುರು ಕೂತು ನೋಡಿದೆ. ಹೊಳೆಯ ಮೇಲೆ ಮಂಜು ಇತ್ತು, ಆಚೆ ದಡದ ಬೆಂಗ್ರೆಯ ಕಡೆಯಿಂದ ಬರುವ ದೋಣಿ ಇತ್ತು, ದೋಣಿಯಲ್ಲಿ ಬುಟ್ಟಿ ಹೊತ್ತ ಹೆಂಗಸರಿದ್ದರು. ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು.

ಆ ಹೆಂಗಸರಲ್ಲಿ ಒಬ್ಬರು ಕಮಲಕ್ಕ. ಬೆಂಗ್ರೆಯವರು. ಮಾವನಿಗೆ ದಿನವೂ ಬಂಗುಡೆ ಮೀನು ಕೊಡುತ್ತಿದ್ದವರು. ಕಮಲಕ್ಕ ಮಾತಾಡುವ ಮೊದಲು ಮಾವ ಒಂದು ಸಲವೂ ಅವರನ್ನು ಹೆಸರು ಹಿಡಿದು ಕರೆದಿರಲಿಲ್ಲ. “ಇವತ್ತು ಒಳ್ಳೇ ಬಂಗುಡೆ ಉಂಟು ಶೆಟ್ರೇ,” ಎಂದು ದನಿ ಬಂದ ಮೇಲೆಯೇ “ಆ, ಕಮಲಕ್ಕ!” ಎನ್ನುವುದು. ಮಧ್ಯಾಹ್ನ ಊಟದ ಗಡಿಬಿಡಿ ಮುಗಿದದ್ದೇ ಮಾವ ಬಿಸಿಲಿರುವಾಗಲೇ ಕಾರನ್ನು ಮನೆಗೆ ತಂದುಬಿಟ್ಟು, ಸಂಜೆ ಮತ್ತೆ ಹೋಟೆಲಿಗೆ ಬಸ್ಸಿನಲ್ಲಿ ಹೋಗುತ್ತಿದ್ದರು. ಇದೆಲ್ಲ ನನ್ನ ಕಣ್ಣಿಗೆ ಬೀಳುತ್ತಿತ್ತು. ಗಾಜಿನ ಮಂಜಿಗೆ ಕಾರಣ ಹುಡುಕಿದವಳು ಇದಕ್ಕೆ ಕಾರಣ ಹುಡುಕಲಿಲ್ಲ. ಹಿರಿಯರ ಪದ್ಧತಿ ಎಂದುಕೊಂಡೆ.

ಕ್ರಿಸ್ಮಸ್ ಹತ್ತಿರ ಬಂತು. ಶಾಲೆಗೆ ರಜೆ ಸಿಕ್ಕಿತು. ಇನ್ನು ಬೆಳಿಗ್ಗೆ ಹೊದ್ದು ಮಲಗಬಹುದು ಎಂದುಕೊಂಡರೆ ಮಾವ, “ರಜೆ ಶಾಲೆಗೆ ಅಲ್ವಾ? ಹೋಟೆಲಿಗೆ ಇಲ್ಲ. ಬಾ,” ಎಂದರು. ಹೋಗುತ್ತಿದ್ದೆ. ಒಂದು ಸಂಜೆ ಸೆವ್ರಿನ್ ಬಾಯಿಯ ಅಂಗಳದಲ್ಲಿ ಇಗರ್ಜಿಯ ಹುಡುಗ ಹುಡುಗಿಯರು ಬಂದು ಹಾಡಿದರು. ಬಾಯಿ ತಟ್ಟೆ ತುಂಬ ಕುಸ್ವಾರ್ ತಂದಿಟ್ಟರು. ನೆವ್ರಿ, ಕಿಡಿಯೊ, ಚಕ್ಕುಲಿ. ನನಗೆ ಹಾಡೂ ಬೇಕು, ತಿಂಡಿಯೂ ಬೇಕು, ಆ ಕಾಗದದ ನಕ್ಷತ್ರದೊಳಗೆ ಬಲ್ಬು ಹೇಗೆ ಕೂರಿಸಿದ್ದಾರೆಂದೂ ನೋಡಬೇಕು. ಮಫ್ಲರ್ ಮನೆಯಲ್ಲೇ ಉಳಿದಿತ್ತು. ಅಂಗಳದಲ್ಲಿ ನಿಂತು ನಾನೂ ಗಂಟಲು ಬಿಟ್ಟು ಹಾಡಿದೆ.

ಬೆಳಿಗ್ಗೆ ಏಳುವಾಗ ದನಿ ಇರಲಿಲ್ಲ. ಅತ್ತೇ ಎಂದು ಕರೆಯಲು ಬಾಯಿ ತೆರೆದರೆ ಬರೀ ಗಾಳಿ.

“ನಾನು ಹೇಳಿದ್ದೆ!” ಎಂದರು ಅತ್ತೆ. ಅವರ ಮುಖದಲ್ಲಿ ಕನಿಕರಕ್ಕಿಂತ ಗೆದ್ದ ಸಂತೋಷವೇ ಹೆಚ್ಚಿತ್ತು. “ಮಂಜು ತಲೆಗೆ ಬೀಳೂದಿಲ್ಲ ಅಂದ್ಯಲ್ಲ? ಈಗ ಹೇಳು ನೋಡುವ!” ಬಿಸಿ ನೀರಿಗೆ ಉಪ್ಪು ಹಾಕಿ ಕೊಟ್ಟರು. ಬಾಯಿ ಮುಕ್ಕಳಿಸುತ್ತಿದ್ದಾಗ ಹೊರಗೆ ಮಾವ ಹಾರ್ನ್ ಹೊಡೆದರು. ಅವರು ಆಗಲೇ ಕಾರು ಚಾಲೂ ಮಾಡಿ ಕೂತಿದ್ದರು. ನಾನು ಓಡಿಹೋಗಿ ಹತ್ತಿದೆ. ಸೆವ್ರಿನ್ ಬಾಯಿಗೆ ಆ ದಿನ ರಜೆ. ಹಿಂದಿನ ಸೀಟು ಖಾಲಿ.

ಮಣ್ಣಗುಡ್ಡೆ ದಾಟುವವರೆಗೆ ಮಾವ ಏನೂ ಅನ್ನಲಿಲ್ಲ. ಆಮೇಲೆ, “ಎಂತ ಸುಮತಿ, ನಿದ್ದೆಯಾ?” ಎಂದರು. ನಾನು ಗಂಟಲು ಮುಟ್ಟಿ ಕೈ ಆಡಿಸಿ ತೋರಿಸಿದೆ. ಮಾವ ರಸ್ತೆಯನ್ನೇ ನೋಡುತ್ತಿದ್ದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, “ಇವತ್ತು ಎಂತದೂ ಇಲ್ವಾ ನಿಂಗೆ ಹೇಳ್ಲಿಕ್ಕೆ?” ಎಂದರು. ನಾನು ತಲೆ ಅಲ್ಲಾಡಿಸಿದೆ. ಮತ್ತೆ ಗಂಟಲು ತೋರಿಸಿದೆ. ಕೈ ಅವರ ಮುಖಕ್ಕೆ ಮೊಳದಷ್ಟು ದೂರದಲ್ಲಿತ್ತು. ಮಾವ, “ಆಯ್ತು,” ಎಂದು ಗೇರು ಬದಲಿಸಿದರು. ರಜೆಯ ದಿನ, ರಸ್ತೆ ನಿಜಕ್ಕೂ ಖಾಲಿಯಿತ್ತು. ಕಾರು ಎಂದಿಗಿಂತ ತುಸು ವೇಗವಾಗಿಯೇ ಹೋಗುತ್ತಿತ್ತು.

ಬಂದರಿನ ತಿರುವಿನಲ್ಲಿ ದಕ್ಕೆಯ ಕಡೆಯಿಂದ ಹೆಂಗಸರು ಬರುತ್ತಿದ್ದರು. ಬೆಂಗ್ರೆಯ ದೋಣಿ ಆಗಷ್ಟೇ ಬಂದಿತ್ತು. ತಲೆಯ ಮೇಲೆ ಬುಟ್ಟಿ, ಒಬ್ಬರ ಹಿಂದೆ ಒಬ್ಬರು ರಸ್ತೆ ದಾಟುತ್ತಿದ್ದರು. ಗಾಜು ತಿಳಿಯಾಗಿತ್ತು. ನನಗೆ ಅವರ ಸೀರೆಯ ಬಣ್ಣವೂ ಕಾಣುತ್ತಿತ್ತು. ಮಾವ ಈಗ ಗೇರು ಇಳಿಸುತ್ತಾರೆ ಎಂದುಕೊಂಡೆ. ಇಳಿಸಲಿಲ್ಲ. ಈಗ ಇಳಿಸುತ್ತಾರೆ. ಇಲ್ಲ! ಕಾರು ಹೋಗುತ್ತಲೇ ಇತ್ತು. ಮಾವಾ ಎಂದು ಕಿರುಚಿದೆ, ಬಾಯಿಂದ ಗಾಳಿ ಮಾತ್ರ ಬಂತು. ದೇವೆರೆ! ನಾನು ಬಾಗಿ, ಮಾವನ ಕೈಗಳ ನಡುವೆ ಕೈ ಹಾಕಿ ಹಾರ್ನ್ ಒತ್ತಿಹಿಡಿದೆ.

ಹೆಂಗಸರು ಚೀರಿ ಚದುರಿದರು. ಮಾವ ಬೆಚ್ಚಿ ಬ್ರೇಕ್ ತುಳಿದರು, ಮುಟ್ಟಬಾರದೆಂದು ಅವರೇ ಹೇಳುತ್ತಿದ್ದಂಥ ಜಾರುವ ಜಾಗದಲ್ಲಿ. ಮೀನಿನ ನೀರಿಗೆ ಚಕ್ರ ಜಾರಿ ಕಾರು ಅಡ್ಡ ತಿರುಗಿ ನಿಂತಿತು. ಬಂಪರಿನ ಎದುರೇ ಕಮಲಕ್ಕ ನೆಲದಲ್ಲಿ ಕೂತಿದ್ದರು. ಕಾರು ಮುಟ್ಟಿರಲಿಲ್ಲ. ಹಿಂದೆ ಸರಿಯುವಾಗ ಬಿದ್ದು ಮೊಣಕಾಲು ತರಚಿತ್ತು. ಬುಟ್ಟಿ ಮಗುಚಿ ಬಂಗುಡೆಗಳು ರಸ್ತೆಯ ತುಂಬ ಚೆಲ್ಲಿದ್ದವು.

ಮಾವ ಇಳಿದರು. ಕಮಲಕ್ಕ ಎದ್ದು ನಿಂತು ಸೊಂಟಕ್ಕೆ ಕೈಯಿಟ್ಟರು. “ಎಂತ ಶೆಟ್ರೇ, ಕಣ್ಣು ಕಾಣೂದಿಲ್ವಾ? ಇಷ್ಟು ಜನ ಬರೂದು ಕಾಣೂದಿಲ್ವಾ ನಿಮಗೆ? ನನ್ನ ಮಕ್ಕಳಿಗೆ ಯಾರು ಗತಿ?” ಬೈಗಳು ಮುಂದುವರಿಯಿತು. ಮಾವ ಬಗ್ಗಿ ಮೀನು ಹೆಕ್ಕತೊಡಗಿದರು.

ಆಗ ನಾನು ನೋಡಿದೆ. ಮಾವ ಹೆಕ್ಕುತ್ತಿದ್ದದ್ದು ಕಣ್ಣಿನಿಂದಲ್ಲ. ಎರಡೂ ಕೈಗಳಿಂದ ನೆಲ ಸವರುತ್ತಿದ್ದರು. ಕೈಗೆ ಸಿಕ್ಕಿದ್ದನ್ನು ಒತ್ತಿ ನೋಡಿ ಬುಟ್ಟಿಗೆ ಹಾಕುತ್ತಿದ್ದರು. ಒಂದು ಸಲ ಸಿಕ್ಕಿದ್ದು ತೆಂಗಿನ ಸಿಪ್ಪೆಯ ಚೂರು. ಅದನ್ನೂ ಒತ್ತಿ ನೋಡಿ ಬದಿಗೆ ಎಸೆದರು. ಅವರ ಚಪ್ಪಲಿಯ ಅಂಚಿನಲ್ಲೇ ಒಂದು ದೊಡ್ಡ ಬಂಗುಡೆ ಬೆಳ್ಳಿಯಂತೆ ಹೊಳೆಯುತ್ತಿತ್ತು. ಅದನ್ನು ಅವರು ಮುಟ್ಟಲಿಲ್ಲ.

ಕಮಲಕ್ಕನೂ ಅದನ್ನೇ ನೋಡುತ್ತಿದ್ದರು. ಬೈಗಳು ಅರ್ಧಕ್ಕೆ ನಿಂತಿತು. ಕುಂಟುತ್ತಾ ಹತ್ತಿರ ಬಂದು ಮಾವನ ಎದುರು ಕೂತರು. “ಶೆಟ್ರೇ,” ಎಂದರು ಮೆಲ್ಲಗೆ. “ಇಲ್ಲಿ ಒಂದು ಉಂಟು. ನಿಮ್ಮ ಕಾಲಿನ ಹತ್ರ.”

ಕಾರನ್ನು ಹತ್ತಾರು ಜನ ಸೇರಿ ಬದಿಗೆ ತಳ್ಳಿದರು. ನಾವು ರಿಕ್ಷಾದಲ್ಲಿ ಮನೆಗೆ ಬಂದೆವು.

ಸೆವ್ರಿನ್ ಬಾಯಿ ತಮ್ಮ ಆಸ್ಪತ್ರೆಯ ಕಣ್ಣಿನ ಡಾಕ್ಟರರ ಹತ್ತಿರ ಕರೆದುಕೊಂಡು ಹೋದರು. ಎರಡೂ ಕಣ್ಣಿಗೆ ಪೊರೆ. ಆಪರೇಶನ್ ಮಾಡಬೇಕು, ಬೇಗ ಮಾಡಬೇಕು ಎಂದರು ಡಾಕ್ಟರು. ಮಾವ ಆಗುವುದಿಲ್ಲ ಎಂದುಬಿಟ್ಟರು. ಗಟ್ಟಿ ಆಳು, ಹೋಟೆಲಿನಲ್ಲಿ ಕುದಿಯುವ ಎಣ್ಣೆ ಕೈಮೇಲೆ ಸಿಡಿದರೂ ಹುಬ್ಬು ಗಂಟಿಕ್ಕದವರು, ಆ ಮಾತಿಗೆ ಮಗುವಿನ ಹಾಗೆ ಹೆದರಿದರು. ಅವರ ಸೋದರಮಾವ ಹಿಂದೆ ಕಣ್ಣು ಕೊಯ್ಯಿಸಿಕೊಂಡು ಪೂರ್ತಿ ಕುರುಡರಾಗಿದ್ದರಂತೆ. ಆ ಮುದುಕರನ್ನು ಬಚ್ಚಲಿಗೆ ಕೈ ಹಿಡಿದು ನಡೆಸುತ್ತಿದ್ದವರು ಇದೇ ಮಾವನಂತೆ. “ಈಗ ಇಷ್ಟಾದ್ರೂ ಉಂಟು. ಕೊಯ್ದು ಇದೂ ಹೋದ್ರೆ?” ಎಂದರು. ಅತ್ತೆ ಅತ್ತರು. ಸೆವ್ರಿನ್ ಬಾಯಿ ಗದರಿಸಿದರು. ನಾನು, ದನಿ ಬಂದ ಮೇಲೆ, ಕಣ್ಣಿನ ಚಿತ್ರ ಬಿಡಿಸಿ ಪೊರೆ ಎಲ್ಲಿರುತ್ತದೆಂದು ವಿವರಿಸಿದೆ. ಮಾವನಿಗೆ ಆ ಚಿತ್ರವೇ ಸರಿಯಾಗಿ ಕಾಣುತ್ತಿರಲಿಲ್ಲವೆಂದು ನಡುವೆ ಹೊಳೆದು ಕಾಗದ ಮಡಚಿಟ್ಟೆ.

ಒಂದು ಮಧ್ಯಾಹ್ನ ಕಮಲಕ್ಕ ಉರ್ವದ ಮನೆಗೆ ಬಂದರು. ಬುಟ್ಟಿ ಇಳಿಸಿ ಜಗಲಿಯಲ್ಲಿ ಕೂತರು. ಮಾವನಿಗೆ ನಾಚಿಕೆ, ಮುಖ ಎತ್ತಲಿಲ್ಲ.

“ಕಾಲು ವಾಸಿ ಆಯ್ತಾ ಕಮಲಕ್ಕ?”

“ಆಯ್ತು ಶೆಟ್ರೇ. ನಾವು ದಿನಾ ಆ ತಿರುವಿನಲ್ಲೇ ಹೋಗೂದು. ನಾನು, ನನ್ನ ಸೊಸೆ, ಓಣಿಯ ಎಲ್ಲರೂ. ನಮಗೆ ಬೇರೆ ದಾರಿ ಇಲ್ಲ.”

“ನಾನು ಇನ್ನು ಕಾರು ಮುಟ್ಟೂದಿಲ್ಲ.”

“ಕಾರಿನ ಮಾತಲ್ಲ. ಆ ದಿನ ನೀವು ನೆಲ ಸವರೂದು ನೋಡಿ ನಂಗೆ ಊಟ ಸೇರ್ಲಿಲ್ಲ. ಎಷ್ಟು ವರ್ಷದಿಂದ ನನ್ನ ಕೈಯಿಂದ ಮೀನು ತಕ್ಕೊಳ್ತೀರಿ. ನಿಮಗೆ ಹೆದರಿಕೆಯಾದ್ರೆ ನಾನು ಬಂದು ಕೂರ್ತೇನೆ ಆಸ್ಪತ್ರೆಯಲ್ಲಿ. ಬೆಳಗಿನ ಮೀನು ಮಾರಿ ಬರ್ತೇನೆ. ಹೋಗಿ ಮಾಡಿಸ್ಕೊಳ್ಳಿ.”

ಮಾವ ಅತ್ತೆಯನ್ನು ಕರೆದು, ಕಮಲಕ್ಕನಿಗೆ ಚಾ ಕೊಡು ಎಂದರು. ಚಾ ಮುಗಿಯುವುದರೊಳಗೆ ಆಸ್ಪತ್ರೆಗೆ ಹೋಗುವ ದಿನ ನಿಶ್ಚಯವಾಗಿತ್ತು.

ಆಗಿನ ಆಪರೇಶನ್ ಈಗಿನ ಹಾಗಲ್ಲ. ತಲೆ ಅಲುಗದಂತೆ ಎರಡೂ ಬದಿಗೆ ಮರಳಿನ ಚೀಲ ಇಟ್ಟು ಮಲಗಿಸುತ್ತಿದ್ದರು. ಕೆಮ್ಮಬಾರದು, ನಗಬಾರದು, ಗಟ್ಟಿ ಅಗಿಯಬಾರದು. ಮಾವ ಹಾಗೆ ಮಲಗಿ ಕಣ್ಣು ಕಟ್ಟಿಸಿಕೊಂಡು, “ಸುಮತಿ, ಹೊರಗೆ ಎಂತ ಉಂಟು ಹೇಳು,” ಎನ್ನುತ್ತಿದ್ದರು. ನಾನು ಕಿಟಕಿಯ ಹತ್ತಿರ ನಿಂತು ಬಲ್ಮಠದ ರಸ್ತೆಯಲ್ಲಿ ಹೋಗುವ ಬಸ್ಸು, ಕಾಲೇಜಿನ ಹುಡುಗಿಯರು, ಮಾವಿನ ಮರದಲ್ಲಿ ಬಂದ ಹೂವು, ಎಲ್ಲ ಹೇಳುತ್ತಿದ್ದೆ. ಕಮಲಕ್ಕ ಹೇಳಿದಂತೆ ಬಂದು ಕೂರುತ್ತಿದ್ದರು. ವಾರ್ಡು ಮೀನು ನಾರುತ್ತದೆಂದು ನರ್ಸುಗಳು ಗೊಣಗಿದರೆ ಸೆವ್ರಿನ್ ಬಾಯಿ ಅವರ ಬಾಯಿ ಮುಚ್ಚಿಸಿದರು. ಪಟ್ಟಿ ಬಿಚ್ಚಿದಾಗ ಮಾವ ಮೊದಲು ನೋಡಿದ್ದು ಕಮಲಕ್ಕನ ಮುಖ. ಅತ್ತೆಗೆ ಆ ಬೇಸರ ಬಹಳ ಕಾಲ ಹೋಗಲಿಲ್ಲ.

ಮಾವನಿಗೆ ಸೋಡಾ ಬಾಟ್ಲಿಯ ತಳದಂಥ ದಪ್ಪ ಕನ್ನಡಕ ಬಂತು. ಕಾಣುತ್ತದೆ, ಆದರೆ ದೂರದ ಅಂದಾಜು ಸಿಗುವುದಿಲ್ಲ, ಕಾರು ಬಿಡುವುದು ಬೇಡ ಎಂದರು ಡಾಕ್ಟರು. ಮಾವ ಆ ಸಂಜೆಯೇ ಕೀಲಿಕೈ ತಂದು ನನ್ನ ಕೈಯಲ್ಲಿಟ್ಟರು. ಮನೆಯಲ್ಲಿ ಹೆಣ್ಣೊಬ್ಬಳು ಕಾರು ಕಲಿಯುವುದೇ ಎಂದು ಯಾರೂ ಕೇಳಲಿಲ್ಲ, ಸೋದರಮಾವ ಕೊಟ್ಟ ಮೇಲೆ ಕೇಳುವವರು ಯಾರು? ಬೇಸಿಗೆ ರಜೆಯಲ್ಲಿ ಕಲಿತೆ. ಉರ್ವದ ಮೈದಾನದಲ್ಲಿ ಎರಡು ತೆಂಗಿನ ಸಸಿ ನನ್ನ ಕಲಿಕೆಗೆ ಬಲಿಯಾದವು.

ಮುಂದಿನ ಡಿಸೆಂಬರ್ ಬಂತು. ಬೆಳಗಿನ ಜಾವ ಇಬ್ಬನಿ ಮತ್ತೆ ಟಪಟಪ ಬೀಳತೊಡಗಿತು. ನಾನು ಸ್ಟೇರಿಂಗಿನ ಹಿಂದೆ, ಮಾವ ನನ್ನ ಹಳೆಯ ಸೀಟಿನಲ್ಲಿ, ಹಿಂದೆ ಜಪಮಾಲೆಯ ಜೊತೆ ಸೆವ್ರಿನ್ ಬಾಯಿ. ಅವರ ಕಣ್ಣು ಮೊದಲಿಗಿಂತ ಬಿಗಿಯಾಗಿ ಮುಚ್ಚಿತ್ತು. ಮೂಲೆಯ ಗಾಜು ಎರಡು ಬೆರಳು ತೆರೆದಿತ್ತು. ಮಾವ ಇಡೀ ದಾರಿ ಬಾಯಿ ಮುಚ್ಚಲಿಲ್ಲ. ಅಗೊ ದನ, ಅಗೊ ಹಾಲಿನ ವ್ಯಾನು, ಅಗೊ ಆ ಮರದಲ್ಲಿ ಬಾವಲಿ ನೇತಾಡುತ್ತಿದೆ ನೋಡು, ಇದು ಯಾವಾಗಿನಿಂದ ಇಲ್ಲಿತ್ತು? ಅವರಿಗೆ ಉರ್ವದಿಂದ ಬಂದರಿನವರೆಗಿನ ರಸ್ತೆ ಹೊಸದಾಗಿ ಸಿಕ್ಕಿತ್ತು.

ತಿರುವು ಬರುವ ಮೊದಲು ಮಾತು ನಿಲ್ಲಿಸಿದರು. ನಾನು ಗೇರು ಇಳಿಸಿದೆ. “ಸ್ವಲ್ಪ ನಿಲ್ಸು,” ಎಂದರು. ಬದಿಗೆ ನಿಲ್ಲಿಸಿದೆ.

“ನಿನ್ನನ್ನು ದಿನಾ ಯಾಕೆ ಕರ್ಕೊಂಡು ಬರ್ತಿದ್ದೆ, ಗೊತ್ತುಂಟಾ?”

“ಬನ್ಸ್ ತಿನ್ನಿಸ್ಲಿಕ್ಕೆ,” ಎಂದು ನಕ್ಕೆ.

ಮಾವ ನಗಲಿಲ್ಲ. “ನೀನು ಬರುವ ಮೊದಲೇ ಬೆಳಗಿನ ಹೊತ್ತು ಕಾಣೂದು ಕಮ್ಮಿ ಆಗಿತ್ತು. ಯಾರಿಗೆ ಹೇಳೂದು? ಹೇಳಿದ್ರೆ ಕೊಯ್ತಾರೆ. ನೀನು ಬಂದಿ. ಅಗೊ ವ್ಯಾನು, ಅಗೊ ದನ ಅಂತ ಹೇಳ್ತಾ ಕೂತಿ. ನೀನು ಹೇಳಿದ ಹಾಗೆ ನಾನು ಬಿಟ್ಟೆ. ನಂಗೆ ಸಾಕಾಯ್ತು.” ದಪ್ಪ ಕನ್ನಡಕ ತೆಗೆದು ಬೈರಾಸಿನಿಂದ ಒರೆಸಿದರು. “ಆ ದಿನ ನೀನು ಎಂತದೂ ಹೇಳ್ಲಿಲ್ಲ. ರಸ್ತೆ ಖಾಲಿ ಉಂಟು ಅಂತ ಎಣಿಸಿದೆ.”

ಹಿಂದಿನ ಸೀಟಿನಲ್ಲಿ ಜಪಮಾಲೆಯ ಮಣಿಗಳ ಸದ್ದು ನಿಂತಿತು. ಅಷ್ಟರಲ್ಲಿ ಬೆಂಗ್ರೆಯ ದೋಣಿ ದಕ್ಕೆಗೆ ತಾಗಿತು. ಹೊಳೆಯ ಮಂಜಿನಿಂದ ಒಬ್ಬೊಬ್ಬರೇ ಹೆಂಗಸರು ಬುಟ್ಟಿ ಹೊತ್ತು ಮೇಲೆ ಬಂದರು. ಸುಮ್ಮನಿರಲು ನನಗೆ ಹೆದರಿಕೆಯಾಯಿತು.

“ಮಾವ, ಅಗೊ ಕಮಲಕ್ಕ ಬರ್ತಾ ಇದ್ದಾರೆ,” ಎಂದೆ.

ಮಾವ ಕನ್ನಡಕ ಹಾಕಿಕೊಂಡು, ಬಾಗಿಲಿನ ಗಾಜನ್ನು ಪೂರ್ತಿ ಇಳಿಸಿ, ಮುಖ ಹೊರಗಿಟ್ಟು ನೋಡಿದರು.

“ಕಾಣ್ತದೆ ಮಾರಾಯ್ತಿ,” ಎಂದರು. “ಕಾಣ್ತದೆ.”